ಡಬ್ಬಿಯ ಪ್ರೋಟೀನು ಯಾರಿಗೆ ಬೇಕು?

ಅಂಗಸಾಧನೆ ಮಾಡುವ ವಿದ್ಯಾರ್ಥಿಗಳಲ್ಲಿ ಕೆಲವರು ಊಟದ ಹಣವನ್ನುಳಿಸಿ ಪ್ರೋಟೀನು ಪುಡಿಯ ಡಬ್ಬಿಯನ್ನು ಕೊಳ್ಳುವುದುಂಟು. ಕೊಳ್ಳುವ ಮೊದಲು ನಾವೊಂದು ಸಣ್ಣ ಲೆಕ್ಕ ಮಾಡೋಣ.

ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಸೂಚಿಸಿತು. 60 ಕಿಲೋಗ್ರಾಂ ತೂಗುವವನಿಗೆ ಇದು ಸುಮಾರು 50 ಗ್ರಾಂ. 200 ಗ್ರಾಂ ರಾಗಿಹಿಟ್ಟಿನಲ್ಲಿ 14, 150 ಗ್ರಾಂ ಅಕ್ಕಿಯಲ್ಲಿ 12, 50 ಗ್ರಾಂ ತೊಗರಿಬೇಳೆಯಲ್ಲಿ 11, ಅರ್ಧ ಲೀಟರು ಹಾಲಿನಲ್ಲಿ 16. ಒಟ್ಟು 53 ಗ್ರಾಂ ದೊರೆಯಿತು. ಧಾನ್ಯದಲ್ಲಿ ಕಡಮೆಯಿರುವ ಲೈಸೀನನ್ನು ಬೇಳೆಯು ತುಂಬಿಕೊಡುತ್ತದೆ. ಮುದ್ದೆಗೂ ಸಾರಿಗೂ ಇರುವ ನಂಟು ನಾಲಗೆಯದಷ್ಟೇ ಅಲ್ಲ! ಇಂಥವನಿಗೆ ಡಬ್ಬಿಯ ಗೊಡವೆಯೇ ಬೇಡ.

ಭಾರವೆತ್ತಿ ಸ್ನಾಯು ಬೆಳೆಸುವವನಿಗೆ ಕಿಲೋಗ್ರಾಮಿಗೆ ಸುಮಾರು 1.6 ಗ್ರಾಂ, ಎಂದರೆ 96 ಗ್ರಾಂ ಬೇಕಾದೀತು. ಕೊರತೆಯಾದ 43ರಲ್ಲಿ 50 ಗ್ರಾಂ ಕಡಲೆಕಾಯಿ ಬೀಜವೂ ಎರಡು ಮೊಟ್ಟೆಗಳೂ 24ನ್ನು ಒದಗಿಸುತ್ತವೆ. ಉಳಿದ 19 ಗ್ರಾಮಿಗೆ ಮಾತ್ರ ಪುಡಿಯ ಮಾತು. ಹಾಲೊಡೆದ ತಿಳಿನೀರಿನಿಂದ ತೆಗೆದ ವ್ಹೇ ಪುಡಿಯು ಬೇಗ ಜೀರ್ಣವಾಗುತ್ತದೆ. ಹಾಲಿನ ಸಕ್ಕರೆ ಒಗ್ಗದವರಿಗೆ ಅದರ 'ಐಸೊಲೇಟ್' ರೂಪವೂ, ಹಾಲನ್ನೇ ಬಿಟ್ಟವರಿಗೆ ಸೋಯಾ ಪುಡಿಯೂ ಹೊಂದುತ್ತವೆ. ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಚೀಟಿಯ ಮೇಲಿನ ಅಂಕಿಯನ್ನು ನಂಬಬಹುದೆ? 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ರೂಪಿಸಿದ ವಿಧಾನವು ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ಈ ಸಂದಿನಲ್ಲಿಯೇ ಮೋಸ ನುಸುಳುತ್ತದೆ. 2008ರಲ್ಲಿ ಚೀನಾದಲ್ಲಿ ಸಾರಜನಕಭರಿತ ಮೆಲಮೀನು ಬೆರೆತ ಹಾಲಿನ ಪುಡಿಯಿಂದ ಸಾವಿರಾರು ಹಸುಗೂಸುಗಳ ಮೂತ್ರಪಿಂಡಗಳಲ್ಲಿ ಕಲ್ಲುಗಟ್ಟಿದವು. ಅಗ್ಗದ ಗ್ಲೈಸೀನನ್ನು ಬೆರೆಸಿದರೂ ಅಂಕಿ ಏರುತ್ತದೆ, ಸ್ನಾಯು ಬೆಳೆಯದು. ಘಟಕಗಳ ಪಟ್ಟಿಯಲ್ಲಿ ಗ್ಲೈಸೀನಿನ ಹೆಸರು ಬೇರೆಯಾಗಿ ಕಂಡರೆ ಆ ಡಬ್ಬಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.