ಎಂಜಿನ್ ನಿಂತ ಮೇಲೆ

ಮಧ್ಯಾಹ್ನದ ಬಿಸಿಲಿನಲ್ಲಿ ಹದ್ದು ಹಾರುವುದನ್ನು ನೋಡದವರು ವಿರಳ. ಚಾಚಿದ ರೆಕ್ಕೆಗಳನ್ನು ಒಮ್ಮೆಯೂ ಬಡಿಯದೆ ಅದು ಬಹಳ ಹೊತ್ತು ತೇಲುತ್ತಿರುತ್ತದೆ. ರೆಕ್ಕೆ ಬಡಿಯುವುದನ್ನು ನಿಲ್ಲಿಸಿತೆಂದು ಅದು ಕಲ್ಲಿನಂತೆ ಕೆಳಗೆ ಬೀಳುವುದಿಲ್ಲ. ಆದರೆ ವಿಮಾನದ ಮಾತು ಬಂದಾಗ ಜನರಿಗೆ ಈ ಸಂಗತಿ ಮರೆತುಹೋಗುತ್ತದೆ. ಎಂಜಿನ್ ನಿಂತಿತೆಂದರೆ ವಿಮಾನ ಬಿದ್ದಂತೆಯೇ ಎಂದು ತಿಳಿಯುತ್ತಾರೆ.

ವಾಸ್ತವವಾಗಿ ವಿಮಾನವನ್ನು ಎತ್ತಿಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಮೇಲೂ ಕೆಳಗೂ ಗಾಳಿಯು ಸಾಕಷ್ಟು ವೇಗದಿಂದ ಹರಿಯುತ್ತಿರುವ ತನಕ ಎತ್ತುವ ಬಲವಿರುತ್ತದೆ. ಎಂಜಿನ್ ಆ ವೇಗವನ್ನು ಒದಗಿಸುತ್ತದೆ, ಅಷ್ಟೆ. ಅದು ನಿಂತಾಗ ಚಾಲಕನು ವಿಮಾನದ ಮೂತಿಯನ್ನು ತುಸು ತಗ್ಗಿಸುತ್ತಾನೆ. ಇಳಿಜಾರಿನಲ್ಲಿ ಪೆಡಲು ತುಳಿಯದೆಯೇ ಸೈಕಲ್ಲು ಓಡುವಂತೆ, ವಿಮಾನವು ತನ್ನ ಎತ್ತರವನ್ನು ವ್ಯಯಮಾಡಿ ವೇಗವನ್ನು ಉಳಿಸಿಕೊಳ್ಳುತ್ತದೆ. ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನವು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಹೀಗೆ ಜಾರಿದರೆ, ಒಂದು ಕಿಲೋಮೀಟರ್ ಎತ್ತರದಿಂದ ಹೆಚ್ಚುಕಡಿಮೆ 9 ಕಿಲೋಮೀಟರ್ ದೂರ ಹೋಗಬಲ್ಲದು. ಚಾಲಕನಿಗೆ ಯೋಚಿಸಲು ನಾಲ್ಕೂವರೆ ನಿಮಿಷಗಳಷ್ಟು ಸಮಯ ದೊರೆಯುತ್ತದೆ.

ಎಂಜಿನ್ ನಿಲ್ಲಲು ಕಾರಣಗಳು ಅನೇಕ. ಪೆಟ್ರೋಲು ಮುಗಿಯಬಹುದು, ಅದರಲ್ಲಿ ನೀರು ಸೇರಿರಬಹುದು. ಸೋಜಿಗದ ಕಾರಣವೆಂದರೆ ಹಿಮ. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಹೊರಗಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ, ಗಾಳಿಯಲ್ಲಿ ತೇವಾಂಶ ಹೆಚ್ಚಾಗಿದ್ದರೆ, ಒಳಗೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚಿಹೋಗಬಹುದು. ಇದಕ್ಕಾಗಿಯೇ ಎಂಜಿನ್ನಿಗೆ ಬಿಸಿಗಾಳಿಯನ್ನು ಹರಿಸುವ ಒಂದು ಗುಂಡಿಯನ್ನು ಚಾಲಕನ ಕೈಗೆಟಕುವಂತೆ ಇಟ್ಟಿರುತ್ತಾರೆ.

ಗುಂಡಿಗಳಿಂದ ಫಲ ಸಿಕ್ಕದಿದ್ದರೆ ಇಳಿಯಲು ನೆಲ ಹುಡುಕಬೇಕು. ಹೊಗೆ ಬಾಗಿರುವ ದಿಕ್ಕನ್ನು ನೋಡಿ ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ತಿಳಿದು, ಅದಕ್ಕೆ ಎದುರಾಗಿ ಇಳಿಯುವುದು ಕ್ರಮ. ಗಂಟೆಗೆ 100 ಕಿಲೋಮೀಟರ್ ವೇಗದ ವಿಮಾನವು 20 ಕಿಲೋಮೀಟರ್ ವೇಗದ ಗಾಳಿಗೆ ಎದುರಾಗಿ ಇಳಿದರೆ ನೆಲವನ್ನು ಮುಟ್ಟುವಾಗ ಅದರ ವೇಗ 80. ಗಾಳಿಯ ಜೊತೆಗೆ ಇಳಿದರೆ 120. ಚಲನಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡನೆಯ ಸಂದರ್ಭದಲ್ಲಿ ಅದು ಎರಡೂಕಾಲು ಪಟ್ಟು! ವಿದ್ಯುತ್ ತಂತಿಗಳು ಮೇಲಿನಿಂದ ಕಾಣಿಸವು. ಕಂಬಗಳ ಸಾಲನ್ನು ನೋಡಿ ಅವುಗಳನ್ನು ಊಹಿಸಬೇಕು. ನೆಲ ಮುಟ್ಟುವ ಮೊದಲು ಪೆಟ್ರೋಲಿನ ಹರಿವನ್ನು ಮುಚ್ಚಿ, ಬಾಗಿಲಿನ ಚಿಲಕವನ್ನು ತೆಗೆದಿಡುತ್ತಾರೆ. ಚೌಕಟ್ಟು ನಗ್ಗಿದರೆ ಬಾಗಿಲು ತೆರೆಯುವುದು ಕಷ್ಟ.

ಹೀಗಿದ್ದೂ ಜನ ಸಾಯುವುದೇಕೆ? ಬಹಳ ಸಲ ಆಸೆಯಿಂದ. ಇನ್ನೇನು ಆ ಬಯಲನ್ನು ಮುಟ್ಟಿಬಿಡಬಹುದೆಂದು ಚಾಲಕನು ಮೂತಿಯನ್ನು ಮೇಲೆತ್ತುತ್ತಾನೆ. ವೇಗ ಕುಂದುತ್ತದೆ, ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದರುತ್ತದೆ, ಎತ್ತುವ ಬಲ ಕುಸಿಯುತ್ತದೆ. ವೈಮಾನಿಕರು ಇದನ್ನು 'ಸ್ಟಾಲ್' ಎನ್ನುತ್ತಾರೆ. ವಿಮಾನ ನಿಜವಾಗಿ ಬೀಳುವುದು ಆಗ. ಮೇಲೇರುವಾಗಲೇ ಎಂಜಿನ್ ಕೆಟ್ಟರಂತೂ ಈ ಆಸೆ ಇನ್ನೂ ಬಲವಾದುದು. ಬಿಟ್ಟುಬಂದ ರನ್‌ವೇ ಬೆನ್ನ ಹಿಂದೆಯೇ ಇದೆಯಲ್ಲ! ಆದರೆ 180 ಡಿಗ್ರಿ ತಿರುಗಿದರೆ ವಿಮಾನ ರನ್‌ವೇಯ ಪಕ್ಕಕ್ಕೆ ಬರುತ್ತದೆಯೇ ಹೊರತು ಅದರ ನೇರಕ್ಕಲ್ಲ, ಇನ್ನಷ್ಟು ತಿರುಗಬೇಕು. ಎತ್ತರವನ್ನು ಕಾಪಾಡಿಕೊಂಡು ರೆಕ್ಕೆಯನ್ನು 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ ವೇಗವು ಶೇಕಡ 19ರಷ್ಟು ಏರುತ್ತದೆ. ಆದುದರಿಂದ, ಎತ್ತರ ಸಾಲದಿದ್ದರೆ ಮುಂದೆ ಕಾಣುವ ಜಾಗದಲ್ಲೇ ಇಳಿಯಬೇಕೆಂದು ಶಿಕ್ಷಕರು ಮೊದಲಿನಿಂದಲೂ ಬೋಧಿಸುತ್ತಾರೆ. ಹೇಳುವುದು ಸುಲಭ.

2015ರ ಮಾರ್ಚ್ 5ರಂದು ಅಮೆರಿಕದ ಪ್ರಸಿದ್ಧ ಚಲನಚಿತ್ರ ನಟ ಹ್ಯಾರಿಸನ್ ಫೋರ್ಡ್ ಇಂಥ ಇಕ್ಕಟ್ಟಿಗೆ ಸಿಲುಕಿದರು. ಆಗ ಅವರ ವಯಸ್ಸು 72. ಎರಡನೆಯ ಮಹಾಯುದ್ಧದ ಕಾಲದ, ಮೇಲ್ಛಾವಣಿಯಿಲ್ಲದ ತರಬೇತಿ ವಿಮಾನವೊಂದನ್ನು ಅವರು ಜೋಪಾನ ಮಾಡಿಟ್ಟಿದ್ದರು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಮೇಲೇರುವಾಗಲೇ, ಸಮುದ್ರಮಟ್ಟದಿಂದ ಸುಮಾರು 1100 ಅಡಿಗಳ ಎತ್ತರದಲ್ಲಿ, ಅದರ ಎಂಜಿನ್ ಶಕ್ತಿ ಕಳೆದುಕೊಂಡಿತು. ಕೆಳಗೆ ಎತ್ತ ನೋಡಿದರೂ ಮನೆಗಳು. ಫೋರ್ಡ್ ರೇಡಿಯೋದಲ್ಲಿ ಸುದ್ದಿ ತಿಳಿಸಿ ರನ್‌ವೇಯ ಕಡೆಗೆ ತಿರುಗಿದರು. ಅಲ್ಲಿಗೆ ತಲಪುವಷ್ಟು ಎತ್ತರ ಉಳಿದಿಲ್ಲವೆಂದು ತಿಳಿದೊಡನೆ ಆ ಆಸೆಯನ್ನು ಕೈಬಿಟ್ಟು ಸಮೀಪದ ಗಾಲ್ಫ್ ಮೈದಾನಕ್ಕೆ ವಿಮಾನವನ್ನು ಇಳಿಸಿದರು. ಅದು ಎತ್ತರದ ಮರವೊಂದರ ತುದಿಗೆ ತಗಲಿ ನೆಲಕ್ಕೆ ಅಪ್ಪಳಿಸಿತು. ಅವರ ಮೂಳೆಗಳು ಮುರಿದವು, ಪ್ರಾಣ ಉಳಿಯಿತು. ನೆಲದ ಮೇಲಿದ್ದ ಯಾರಿಗೂ ಗಾಯವಾಗಲಿಲ್ಲ.

ತನಿಖೆ ನಡೆಸಿದವರು ಎಂಜಿನ್ನನ್ನು ಬಿಚ್ಚಿ ನೋಡಿದರು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳತೆಯಿಂದ ಬಿಡುವ ಪುಟ್ಟ ಭಾಗವೊಂದರ ತಿರುಪು ಸಡಿಲಿ, ಅದು ತನ್ನ ನೆಲೆಯಿಂದ ಕಳಚಿಕೊಂಡಿತ್ತು. ಎಂಜಿನ್ ಸೋತುದು ಪೆಟ್ರೋಲಿನ ಕೊರತೆಯಿಂದಲ್ಲ, ಅದು ಅಳತೆ ಮೀರಿ ಹರಿದುದರಿಂದ.