ನರ್ಸಬಾಯಿ ಮತ್ತು ನಮ್ಮ ನಂಬಿಕೆಗಳು

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಬಾಗಲಕೋಟೆ ಸೀಮೆಯ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮಾರ್ಕ್ಸು ಎಂಬಿಬಿಎಸ್‌ಗೆ ಸಾಲದು, ಬಿ.ಎ. ಮುಗಿಸಿದರೆ ಕೆಲಸದ ಖಾತ್ರಿ ಇಲ್ಲ, ಹಂಗಾದ್ರ ಮಗಳನ್ನ ನರ್ಸಿಂಗಿಗೆ ಹಾಕೂಣು. ಕಲಾದಗಿಯ ದಾಳಿಂಬೆ ತೋಟದವರು, ಇಳಕಲ್ಲಿನ ಮಗ್ಗದವರು, ಬಾದಾಮಿ, ಹುನಗುಂದದ ಒಣಬೇಸಾಯದವರು ಎಲ್ಲರ ಮನೆಯಲ್ಲೂ ಈ ಮಾತು ಬಂದು ಹೋಗುತ್ತದೆ. ಮಾತಿನ ಬೆನ್ನಿಗೆ ಒಂದಿಷ್ಟು ನಂಬಿಕೆಗಳೂ ಬರುತ್ತವೆ. ಅವುಗಳಲ್ಲಿ ಕೆಲವು ಓದುವ ಹುಡುಗಿಗೆ ನಷ್ಟ ಮಾಡುತ್ತವೆ. ಇನ್ನು ಕೆಲವು, ನಾಳೆ ಆಕೆಯ ಕೈಗೆ ಬರುವ ರೋಗಿಗೆ.

"ಎಲ್ಲಾ ನರ್ಸಿಂಗೂ ಒಂದ ರೀ, ಸರ್ಟಿಫಿಕೇಟ್ ಸಿಕ್ರ ಸಾಕು"

ಈ ನಂಬಿಕೆಯ ಮೇಲೆ ಎಷ್ಟೋ ಅಂಗಡಿಗಳು ನಡೆಯುತ್ತಿವೆ. ಆರು ತಿಂಗಳ ಕೋರ್ಸು, ಒಂದು ವರ್ಷದ ಕೋರ್ಸು, ಫೋಟೊ ಅಂಟಿಸಿದ ಚೆಂದದ ಪ್ರಮಾಣಪತ್ರ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಇದೇ ಪತ್ರ ಇಟ್ಟುಕೊಂಡು ಕೆಲಸ ಮಾಡುವವರೂ ಸಿಗುತ್ತಾರೆ, ಹಾಗಾಗಿ ಜನ ನಂಬುತ್ತಾರೆ. ಆದರೆ ಕಾನೂನಿನ ಕಣ್ಣಲ್ಲಿ ನರ್ಸ್ ಆಗಲು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗಬೇಕು. ಹೊಸದಾಗಿ ಓದಲು ಹೊರಟವರಿಗೆ ಆ ನೋಂದಣಿಯ ದಾರಿ ಮೂರೇ: ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಎಸ್ಸೆಸ್ಸೆಲ್ಸಿ ಆದರೆ ಎಎನ್‌ಎಂ ಸಿಗುತ್ತದೆ ಎನ್ನುವುದು ಹಳೆಯ ಕಾಲದ ಮಾತು. ಈಗ ಮೂರಕ್ಕೂ ಪಿಯುಸಿ ಆಗಿರಬೇಕು. ಎಎನ್‌ಎಂ, ಜಿಎನ್‌ಎಂಗೆ ಕಲಾ ವಿಭಾಗದವರೂ ಹೋಗಬಹುದು, ಬಿ.ಎಸ್ಸಿ.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಈ ಮೂರರಲ್ಲಿ ಯಾವುದನ್ನೂ ಅಂಚೆಯಲ್ಲೋ ಆನ್‌ಲೈನಿನಲ್ಲೋ ಕಲಿಯಲಾಗದು, ಯಾಕೆಂದರೆ ಓದಿನ ದೊಡ್ಡ ಪಾಲು ವಾರ್ಡಿನಲ್ಲೇ ನಡೆಯಬೇಕು. ಆದ್ದರಿಂದ ಕಾಲೇಜು ನೋಡಲು ಹೋದವರು ಮೊದಲು ಕೇಳಬೇಕಾದದ್ದು, ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಅಲ್ಲಿ ಹಾಸಿಗೆ ಎಷ್ಟು, ದಿನಕ್ಕೆ ಹೆರಿಗೆ ಎಷ್ಟು ಎಂದು. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಸಜ್ಜಲಶ್ರೀ ನರ್ಸಿಂಗ್ ಸಂಸ್ಥೆಗೆ ಅದೇ ಸಂಘದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದಲ್ಲೇ ಇದೆ. ಎಲ್ಲ ಕಾಲೇಜಿಗೂ ಆ ಅನುಕೂಲ ಇರುವುದಿಲ್ಲ. ಬಾಡಿಗೆ ಕಟ್ಟಡದಲ್ಲಿ ಬ್ಲ್ಯಾಕ್‌ಬೋರ್ಡು ನೋಡಿ ನಾಡಿ ಹಿಡಿಯುವುದನ್ನು ಕಲಿತ ಹುಡುಗಿಯ ಪಾಡು ಕೆಲಸಕ್ಕೆ ಸೇರಿದ ಮೊದಲ ರಾತ್ರಿಯೇ ಗೊತ್ತಾಗುತ್ತದೆ.

ನರ್ಸಿಂಗ್ ಎಂದರೆ ಹೆಣ್ಣುಮಕ್ಕಳ ಕೆಲಸ ಎನ್ನುವ ಮಾತನ್ನು ಬಹಳ ಎಳೆಯುವ ಅಗತ್ಯವಿಲ್ಲ. ನಮ್ಮ ಕಡೆಯ ಹುಡುಗರೂ ನರ್ಸಿಂಗ್ ಓದುತ್ತಿದ್ದಾರೆ, ಊರಿನ ಮಾತು ಇನ್ನೂ ಅಲ್ಲಿಗೆ ತಲುಪಿಲ್ಲ, ಅಷ್ಟೇ.

"ಡಾಕ್ಟರ್ ಹೇಳಿದ್ದ ಮಾಡೂದು, ಅದರಾಗ ಏನ್ ಐತಿ?"

ರಾತ್ರಿ ಎರಡು ಗಂಟೆ. ಇಪ್ಪತ್ನಾಲ್ಕು ತಾಸು ತೆರೆದಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಇಂಥ ಕಡೆ ಸಾಮಾನ್ಯವಾಗಿ ಮೂವರು ಸ್ಟಾಫ್ ನರ್ಸ್ ಇರಬೇಕು, ಪಾಳಿಗೊಬ್ಬರು. ಡಾಕ್ಟರ್ ಫೋನಿನಲ್ಲಿ ಸಿಗುತ್ತಾರೆ. ಹೆರಿಗೆ ಮಾಡಿಸುವವಳು ನರ್ಸ್. ಕೂಸು ಹೊರಬಿದ್ದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಸೂಜಿ ಬೀಳಬೇಕು, ಇಲ್ಲವಾದರೆ ರಕ್ತಸ್ರಾವದ ಅಪಾಯ ಏರುತ್ತದೆ. ಅದೇ ಒಂದು ನಿಮಿಷದೊಳಗೆ ಕೂಸು ಅಳದಿದ್ದರೆ ಅದನ್ನು ಒರೆಸಿ, ಬೆನ್ನುಜ್ಜಿ, ಬ್ಯಾಗ್ ಮತ್ತು ಮಾಸ್ಕ್ ಹಿಡಿದು ಉಸಿರು ಕೊಡಬೇಕು. ಎರಡು ಜೀವ, ಒಂದು ನಿಮಿಷ, ಒಬ್ಬಳು ನರ್ಸ್. ಈ ನಿಮಿಷದಲ್ಲಿ ಯಾವ ಡಾಕ್ಟರೂ ಏನನ್ನೂ ಹೇಳುತ್ತಿರುವುದಿಲ್ಲ.

ಇನ್ನೊಂದು ಉದಾಹರಣೆ, ಬಸುರಿಗೆ ಬಿಪಿ ಏರಿ ಫಿಟ್ಸ್ ಬರುವುದು. ಮೊದಲು ಕೊಡಬೇಕಾದ ಮದ್ದು ಮೆಗ್ನೀಸಿಯಂ ಸಲ್ಫೇಟ್. ತರಬೇತಿ ಪಡೆದ ನರ್ಸ್ ಅಥವಾ ಎಎನ್‌ಎಂ ಇದರ ಮೊದಲ ಡೋಸ್ ಕೊಟ್ಟೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಎರಡೂ ಕುಂಡಿಗೆ ಐದೈದು ಗ್ರಾಂ, ಆಳವಾಗಿ. ಒಂದು ಆಂಪೂಲಿನಲ್ಲಿರುವುದು ಒಂದೇ ಗ್ರಾಂ. ಎಂದರೆ ಫಿಟ್ಸ್ ಬಂದು ಒದ್ದಾಡುವ ಹೆಂಗಸಿನ ಪಕ್ಕ ನಿಂತು ಹತ್ತು ಆಂಪೂಲ್ ಮುರಿದು ಎಳೆಯಬೇಕು. ಕೈ ನಡುಗದೆ ಇದನ್ನು ಮಾಡಲು ಪುಸ್ತಕ ಓದಿದ್ದರೆ ಸಾಲದು, ಮೊದಲೇ ಹಲವು ಸಲ ಮಾಡಿ ನೋಡಿರಬೇಕು. "ಡಾಕ್ಟರ್ ಬರ್ಲಿ, ನಮಗ್ಯಾಕ" ಎಂದು ಸೂಜಿ ಕೊಡದೆ ಆಂಬುಲೆನ್ಸ್ ಹತ್ತಿಸಿದರೆ ಹೋಗುವುದು ಬಸುರಿಯ ಜೀವ. ನರ್ಸಿಗೆ ಹಾಗೆ ಅನ್ನಿಸಲು ಕಾರಣ ನಾವೇ, "ಹೇಳಿದಷ್ಟು ಮಾಡು" ಎಂದು ಕಲಿಸಿಟ್ಟವರು.

ದೊಡ್ಡ ಆಸ್ಪತ್ರೆಗಳಲ್ಲೂ ಕಥೆ ಬೇರೆ ಇಲ್ಲ. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಮೂವತ್ತು ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತದೆ. ಪದವಿ ಓದಿದ ನರ್ಸುಗಳ ಪ್ರಮಾಣ ಶೇ. 10 ಹೆಚ್ಚಾದರೆ ಆ ಸಾಧ್ಯತೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು. ನಿಮ್ಮವರು ಅಡ್ಮಿಟ್ ಆಗಿದ್ದಾಗ ವಾರ್ಡಿನ ಮಂಚಗಳನ್ನು ಒಮ್ಮೆ ಎಣಿಸಿ ನೋಡಿ.

"ದವಾಖಾನ್ಯಾಗ ಹಡದ್ರ ಮುಗೀತು, ಭಯ ಇಲ್ಲ"

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ತಿದ್ದುವುದು ಕಷ್ಟ. ಕರ್ನಾಟಕದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಲಕ್ಷ ಜೀವಂತ ಜನನಕ್ಕೆ 2004–06ರಲ್ಲಿ 213 ಇದ್ದ ತಾಯಂದಿರ ಸಾವು 2018–20ಕ್ಕೆ 69ಕ್ಕೆ ಇಳಿದಿದೆ. ಸಣ್ಣ ಸಾಧನೆಯೇನೂ ಅಲ್ಲ. ಆದರೆ ಅದೇ ಹೊತ್ತಿನಲ್ಲಿ ಕೇರಳದ ಸಂಖ್ಯೆ 19. ಹೆರಿಗೆ ಹೆಚ್ಚುಕಡಿಮೆ ಪೂರ್ತಿ ಆಸ್ಪತ್ರೆಗೆ ಬಂದಾದ ಮೇಲೂ ಈ ಅಂತರ ಉಳಿದಿದ್ದರೆ, ಅದಕ್ಕೆ ಹೆಣ್ಣುಮಕ್ಕಳ ಅಜ್ಞಾನವನ್ನು ದೂರುವಂತಿಲ್ಲ. ಆಸ್ಪತ್ರೆಯೊಳಗೆ ಏನಾಗುತ್ತದೆ ಎನ್ನುವುದನ್ನೇ ಕೇಳಬೇಕು. ಬರುವ ಹೆಣ್ಣುಮಕ್ಕಳ ಮೈಯಲ್ಲಿ ರಕ್ತವೂ ಕಡಿಮೆ: ಅದೇ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇಂಥ ಬಾಣಂತಿಗೆ ಸ್ವಲ್ಪವೇ ರಕ್ತ ಹೋದರೂ ತಡೆಯುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಪ್ರಯತ್ನ ನಮ್ಮ ಕಡೆಯೇ ನಡೆಯಿತು, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಬಾಗಲಕೋಟೆ, ವಿಜಯಪುರ, ಬಳ್ಳಾರಿ, ಬೀದರ್, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ, ಈ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಎಂಬ ಯೋಜನೆ ಇತ್ತು. ಕರ್ನಾಟಕ ಆರೋಗ್ಯ ಸಂವರ್ಧನ ಸಂಸ್ಥೆ (ಕೆಎಚ್‌ಪಿಟಿ), ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಮಾಡಿದ ಕೆಲಸ. ಅಲ್ಲಿ ಕೈಗೊಂಡ ಉಪಾಯ ತೀರಾ ಸರಳ. ನರ್ಸುಗಳನ್ನು ಜಿಲ್ಲಾ ಕೇಂದ್ರದ ಹಾಲ್‌ಗೆ ಕರೆಸಿ ಭಾಷಣ ಮಾಡುವ ಬದಲು, ಅನುಭವಿ ನರ್ಸುಗಳನ್ನೇ ಮೆಂಟರುಗಳಾಗಿ ತಯಾರುಮಾಡಿ ಆರೋಗ್ಯ ಕೇಂದ್ರಗಳಿಗೆ ಕಳಿಸಿದರು. ಬಂದಾಕೆ ತಪಾಸಣಾ ಅಧಿಕಾರಿ ಅಲ್ಲ, ರಿಜಿಸ್ಟರ್ ತೆಗೆದು ಬೈಯುವವಳೂ ಅಲ್ಲ. ಕೇಂದ್ರದಲ್ಲೇ ದಿನವಿಡೀ ಇದ್ದು, ಹೆರಿಗೆ ಬಂದರೆ ಪಕ್ಕದಲ್ಲಿ ನಿಂತು, ಇಲ್ಲದಿದ್ದರೆ ಬೊಂಬೆಯ ಮೇಲೆ ಮಾಡಿಸಿ ಕಲಿಸುವವಳು. ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿದೆಯೋ, ಕಿಟಕಿ ಹಲಗೆಯ ಮೇಲೆ ಬಿಸಿಲಿಗೆ ಬಿದ್ದಿದೆಯೋ ಎಂಬಂಥ ಸಂಗತಿಗಳು ಹಾಲ್‌ನಲ್ಲಿ ಕೂತರೆ ಕಾಣುವುದಿಲ್ಲ. ನೋವು ಶುರುವಾದಾಗಿನಿಂದ ಯಾವಾಗ ಏನು ನೋಡಬೇಕು, ಯಾವ ಗುರುತು ಕಂಡರೆ ಮುಂದಕ್ಕೆ ಕಳಿಸಬೇಕು ಎಂದು ತಾನೇ ದಾರಿ ತೋರಿಸುವ ಕೇಸ್ ಶೀಟನ್ನೂ ಕೊಟ್ಟರು.

ಬಳ್ಳಾರಿ ಮತ್ತು ಕಲಬುರಗಿಯ 108 ಕೇಂದ್ರಗಳನ್ನು ಎರಡು ಸಮಪಾಲು ಮಾಡಿ ಇದನ್ನು ಪರೀಕ್ಷೆಗೂ ಒಡ್ಡಿದರು. ವರದಿ 2016ರಲ್ಲಿ ಪ್ರಕಟವಾಯಿತು. ಮೆಂಟರ್ ಹೋದ ಕೇಂದ್ರಗಳಲ್ಲಿ ನರ್ಸುಗಳ ತಿಳಿವಳಿಕೆ, ತೊಡಕು ಬಂದರೆ ಎದುರಿಸುವ ತಯಾರಿ, ಕೇಸ್ ಶೀಟ್ ತುಂಬುವ ಶಿಸ್ತು ಎಲ್ಲವೂ ಉಳಿದ ಕಡೆಗಿಂತ ಮೇಲಾಗಿದ್ದವು. ನನಗೆ ಇದರಲ್ಲಿ ಇಷ್ಟವಾಗುವುದು ಸಂಖ್ಯೆಗಿಂತ ಕ್ರಮ: ನರ್ಸಿಗೆ ಕಲಿಸಿದ್ದು ನರ್ಸ್, ಅದೂ ಅವಳದೇ ಹೆರಿಗೆ ಕೋಣೆಯಲ್ಲಿ. ತಪ್ಪಾದಾಗ ಮೆಮೊ ಕೊಡುವುದನ್ನೇ ಮೇಲ್ವಿಚಾರಣೆ ಎಂದುಕೊಂಡ ಇಲಾಖೆಗಳಿಗೆ ಇದು ಸುಲಭಕ್ಕೆ ರುಚಿಸುವ ಮದ್ದಲ್ಲ.

"ನಮ್ಮ ರಾಜ್ಯದಾಗ ನರ್ಸಿಂಗ್ ಕಾಲೇಜಿಗೇನ್ ಬರ? ಓದಿದವರು ಹಳ್ಳಿಗಿ ಬರಂಗಿಲ್ಲ, ಅಷ್ಟ"

ಕಾಲೇಜುಗಳಿಗೆ ಬರವಿಲ್ಲ, ನಿಜ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜು ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು, ಅವುಗಳಲ್ಲಿ ಬಹಳಷ್ಟು ಬೆಂಗಳೂರಿನ ಸುತ್ತ. ಕೇರಳದ ಮಕ್ಕಳು ಬಂದು ಓದಿ, ಕೊಲ್ಲಿಗೋ ಇಂಗ್ಲೆಂಡಿಗೋ ಹೋಗುತ್ತಾರೆ. ಬೆಂಗಳೂರಿನಲ್ಲಿ ಸೀಟು ಹೆಚ್ಚಿದರೆ ಬಾದಾಮಿ ತಾಲ್ಲೂಕಿನ ಉಪಕೇಂದ್ರಕ್ಕೆ ನರ್ಸ್ ಬಂದಂತಾಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯಿಂದ 1880ರ ದಶಕದಲ್ಲಿ ಕಚೇರಿಗಳೆಲ್ಲ ವಿಜಾಪುರಕ್ಕೆ ಹೋದವು. ಸವಲತ್ತು ದೊಡ್ಡ ಊರಿಗೆ ಹೋಗುವುದು ಈ ಭಾಗಕ್ಕೆ ಹೊಸದೇನಲ್ಲ.

"ಬರಂಗಿಲ್ಲ" ಎನ್ನುವುದೂ ಪೂರ್ತಿ ನ್ಯಾಯದ ಮಾತಲ್ಲ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರ ಎಂಬುದು ನಿಯಮ. ಅಲ್ಲಿಯ ಎಎನ್‌ಎಂ, ಈಗಿನ ಹುದ್ದೆಯ ಹೆಸರಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಲಸಿಕೆ ಹಾಕಬೇಕು, ಬಸುರಿಯರ ತಪಾಸಣೆ ಮಾಡಬೇಕು, ಸರ್ವೇಗೆ ತಿರುಗಬೇಕು, ಸಂಜೆ ಇದೆಲ್ಲವನ್ನೂ ಮೊಬೈಲಿಗೆ ಏರಿಸಬೇಕು. ಇತ್ತೀಚೆಗೆ ಬಿ.ಎಸ್ಸಿ. ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯಾಧಿಕಾರಿಗಳಾಗಿ ಬಂದು ಮೂವತ್ತು ದಾಟಿದವರ ಬಿಪಿ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನೋಡಿಕೊಳ್ಳುತ್ತಿದ್ದಾರೆ. ಇವರು ಇರುವುದು ಗುತ್ತಿಗೆಯ ಮೇಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಮೂವರು ಸ್ಟಾಫ್ ನರ್ಸುಗಳಲ್ಲಿ ಒಬ್ಬಳಿಗೆ ರಜೆ ಬೇಕೆಂದರೆ ಉಳಿದ ಇಬ್ಬರು ಹನ್ನೆರಡು ತಾಸಿನ ಪಾಳಿ ಎಳೆಯಬೇಕು. ವಸತಿಗೃಹಕ್ಕೆ ನೀರಿಲ್ಲ, ರಾತ್ರಿ ಕಾವಲಿಲ್ಲ ಎಂದರೆ ಯಾವ ತಂದೆ ಮಗಳನ್ನು ಅಲ್ಲಿ ಬಿಟ್ಟು ಬರುತ್ತಾನೆ?

ಖಾಸಗಿಯಲ್ಲಿ ಸಂಬಳದ ಕಥೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 200 ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸಿಗೆ ಸರಿಸಮ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಕೂಡದು ಎಂದು ಶಿಫಾರಸು ಮಾಡಿತು. ಅದು ಶಿಫಾರಸು, ಕಾನೂನಲ್ಲ. ನಮ್ಮ ತಾಲ್ಲೂಕು ಊರುಗಳ ನರ್ಸಿಂಗ್ ಹೋಮಿನ ಸಂಬಳ ಕೇಳಿದವರಿಗೆ ವ್ಯತ್ಯಾಸ ತಿಳಿದೇ ಇರುತ್ತದೆ.

"ಸಲಾಯಿನ್ ಹಚ್ಚದ ಸಿಸ್ಟರ್‌ಗೆ ಏನೂ ಬರಂಗಿಲ್ಲ"

ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ. ಎರಡು ಮೂರು ಕಪ್ ಚಹಾದಲ್ಲಿ ಅಷ್ಟು ಸಿಗುತ್ತದೆ. ಬರೀ ಉಪ್ಪಿನ ಸಲೈನ್ ಆದರೆ ಅದೂ ಇಲ್ಲ. ವಾಂತಿ ಭೇದಿಯಾಗಿ ಬಾಯಿಂದ ಏನೂ ಹೋಗದವರಿಗೆ ಅದು ಜೀವ. ಸುಸ್ತು ಎಂದವರಿಗೆಲ್ಲ ಅಲ್ಲ. ಬೇಡ ಎಂದು ಗುಳಿಗೆ ಕೊಟ್ಟು ಕಳಿಸುವ ಸಿಸ್ಟರ್ ತನ್ನ ಕೆಲಸ ಬಲ್ಲವಳು.

"ನರ್ಸಿಂಗ್ ಬ್ಯಾಡವಾ, ಎಚ್‌ಐವಿ ಹತ್ತತೈತಿ"

ಈ ಹೆದರಿಕೆಗೆ ನಮ್ಮ ಜಿಲ್ಲೆಯಲ್ಲಿ ಇತಿಹಾಸವಿದೆ. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 2.9 ಮಂದಿಗೆ ಎಚ್‌ಐವಿ ಕಂಡುಬಂದಿತ್ತು. ಎಚ್‌ಐವಿ ಶಹರದ ಕಾಯಿಲೆ ಎನ್ನುತ್ತಿದ್ದವರಿಗೆ ಅದು ನಮ್ಮ ಹಳ್ಳಿಗಳಲ್ಲೂ ಇದೆ ಎಂದು ತೋರಿಸಿದ ಸಮೀಕ್ಷೆ ಅದು. ಪರೀಕ್ಷೆ, ಸಮಾಲೋಚನೆ, ತಾಯಿಯಿಂದ ಕೂಸಿಗೆ ಹೋಗದಂತೆ ತಡೆಯುವ ಕೆಲಸ, ದಿನದ ಮಾತ್ರೆ, ಇವೆಲ್ಲ ಬಂದ ಮೇಲೆ ಹೊಸ ಸೋಂಕು ಇಳಿಯಿತು. ಆ ಕೆಲಸದ ಬಹುಪಾಲು ಹೊತ್ತವರು ನರ್ಸುಗಳು, ಆಪ್ತಸಮಾಲೋಚಕರು. ಆದರೂ ಹೆಣ್ಣು ನೋಡಲು ಬಂದವರು ಆ ಮಾತು ಎತ್ತುವುದುಂಟು.

ಸೋಂಕಿತರ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ತಕ್ಷಣ ಸೋಪು, ನೀರಿನಲ್ಲಿ ತೊಳೆದು, ಆದಷ್ಟು ಬೇಗ, ತಡವೆಂದರೂ 72 ತಾಸಿನೊಳಗೆ ಮಾತ್ರೆ ಶುರುಮಾಡಿ 28 ದಿನ ನುಂಗಿದರೆ ಆ ಅಪಾಯವೂ ಬಹುಮಟ್ಟಿಗೆ ಹೋಗುತ್ತದೆ. ಹೆಚ್ಚು ಹೆದರಬೇಕಾದದ್ದು ಹೆಪಟೈಟಿಸ್ ಬಿಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಅಂಥ ಚುಚ್ಚಿನಿಂದ ಅದು ಬರುವ ಸಾಧ್ಯತೆ ಶೇ. 30ರವರೆಗೂ ಇದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗಲೇ ಇಂಥ ಚುಚ್ಚುಗಳು ಬಹಳ ಆಗುತ್ತವೆ. ಮುಚ್ಚಳ ಹಾಕದೆ ನೇರವಾಗಿ ಡಬ್ಬಿಗೆ ಬಿಡಬೇಕು. ಲಸಿಕೆ ಮೂರು ಡೋಸ್: ಮೊದಲನೆಯದು, ತಿಂಗಳ ಮೇಲೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಕಾಲೇಜಿಗೆ ಸೇರಿಸುವಾಗ ಹಾಸ್ಟೆಲ್ ಊಟ ಹೆಂಗೈತಿ ಎಂದು ಕೇಳುವ ಅಪ್ಪ ಅವ್ವ, ವಾರ್ಡಿಗೆ ಕಳಿಸುವ ಮೊದಲು ಈ ಲಸಿಕೆ ಹಾಕಿಸುತ್ತೀರಾ ಎಂದೂ ಕೇಳಲಿ.