ಕಾಳಗವಿಲ್ಲದ ಪೋಕೆಮಾನ್ ಎಂಬ ಕನಸು

ಹಿಡಿ, ಪಳಗಿಸು, ಕಾದಾಡಿಸು. ಪೋಕೆಮಾನ್ ಎಂಬ ಜಪಾನಿ ವಿಡಿಯೊ ಗೇಮ್ ಸರಣಿಯ ತಿರುಳನ್ನು ಈ ಮೂರು ಕ್ರಿಯಾಪದಗಳಲ್ಲಿ ಹೇಳಿಬಿಡಬಹುದು. 1996ರ ಫೆಬ್ರುವರಿ 27ರಂದು ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಎಂಬ ಅಂಗೈಯಗಲದ ಯಂತ್ರಕ್ಕಾಗಿ ಅದರ ಮೊದಲ ಎರಡು ಆವೃತ್ತಿಗಳು ಜಪಾನಿನ ಮಾರುಕಟ್ಟೆಗೆ ಬಂದಾಗ ಅವುಗಳಲ್ಲಿದ್ದ ಕಾಲ್ಪನಿಕ ಜೀವಿಗಳ ಸಂಖ್ಯೆ 151. ಇಂದು ಅದು ಸಾವಿರವನ್ನು ಮೀರಿದೆ. ಯಂತ್ರಗಳು ಬದಲಾದವು, ಚಿತ್ರಗಳಿಗೆ ಬಣ್ಣ ಬಂತು, ಪರದೆಯ ಮೇಲಿನ ಊರುಗಳು ಹಿಗ್ಗಿದವು. ಮೂಲ ಸರಣಿಯ ಆ ಮೂರು ಕ್ರಿಯಾಪದಗಳು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ.

ಹೊಸ ಕ್ರಿಯಾಪದಗಳು ಬಂದದ್ದು ಮೂಲದಿಂದ ಕವಲೊಡೆದ ಆಟಗಳ ಮೂಲಕ. 1999ರ ‘ಪೋಕೆಮಾನ್ ಸ್ನ್ಯಾಪ್’ನಲ್ಲಿ ಆಟಗಾರನ ಕೈಗೆ ಸಿಕ್ಕಿದ್ದು ಕ್ಯಾಮೆರಾ. ತಾನಾಗಿ ಸಾಗುವ ಪುಟ್ಟ ವಾಹನದಲ್ಲಿ ಕುಳಿತು, ಜೀವಿಗಳು ತಮ್ಮ ಪಾಡಿಗೆ ತಾವಿರುವಾಗ ಅವುಗಳ ಚಿತ್ರ ತೆಗೆಯುವುದೇ ಅಲ್ಲಿನ ಕೆಲಸ. 2005ರಲ್ಲಿ ಜಪಾನಿನಲ್ಲಿ ಆರಂಭವಾದ ‘ಮಿಸ್ಟರಿ ಡಂಜನ್’ ಕವಲಿನಲ್ಲಿ ಮನುಷ್ಯನಾಗಿದ್ದ ಆಟಗಾರ ಒಂದು ದಿನ ಸ್ವತಃ ಪೋಕೆಮಾನ್ ಆಗಿ ಕಣ್ತೆರೆಯುತ್ತಾನೆ. 2016ರ ‘ಪೋಕೆಮಾನ್ ಗೋ’ ಕೋಟ್ಯಂತರ ಜನರನ್ನು ಮನೆಯಿಂದ ಹೊರಗೆಳೆದು ಬೀದಿಬೀದಿ ನಡೆಸಿತು; ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಭಾರತಕ್ಕೂ ಬಂತು. 2023ರ ‘ಪೋಕೆಮಾನ್ ಸ್ಲೀಪ್’ನಲ್ಲಿ ಆಟಗಾರ ಮಾಡಬೇಕಾದದ್ದು ನಿದ್ದೆ! ಇವುಗಳಲ್ಲಿ ಕೆಲವು ಕಾಳಗವನ್ನು ಪೂರ್ತಿಯಾಗಿ ಬಿಟ್ಟಿಲ್ಲ, ನಿಜ. ಆದರೂ ನೋಡುವುದು, ಇನ್ನೊಂದು ಜೀವಿಯಾಗುವುದು, ನಡೆಯುವುದು, ಮಲಗುವುದು ಕೂಡ ಆಟವಾಗಬಲ್ಲದು ಎಂಬುದನ್ನು ಅವು ತೋರಿಸಿಕೊಟ್ಟವು.

ಮುಂದೆ ಎಂಥ ಕವಲು ಆಟ ಬರಬೇಕು ಎಂದು ಕಲ್ಪಿಸಿಕೊಳ್ಳುವುದು ಈ ಸರಣಿಯ ಅಭಿಮಾನಿಗಳಿಗೆ ಬಹುಪ್ರಿಯವಾದ ಹವ್ಯಾಸ. ಮಕ್ಕಳಾಗಿದ್ದಾಗ ಆಡಿದವರು ಈಗ ಮಕ್ಕಳಿರುವವರಾಗಿದ್ದಾರೆ, ಕನಸು ನಿಂತಿಲ್ಲ. ಆದರೆ ಕನಸುಗಳಲ್ಲೂ ತರತಮವುಂಟು. ಇನ್ನಷ್ಟು ವಿಶಾಲವಾದ ಭೂಪಟ, ಇನ್ನಷ್ಟು ಭವ್ಯವಾದ ಕಾಳಗ ಬೇಕೆನ್ನುವುದು ಹಳೆಯದನ್ನೇ ದೊಡ್ಡದು ಮಾಡಿ ಕೇಳಿದಂತೆ. ಈ ಲೋಕಕ್ಕೆ ನಿಜವಾಗಿ ಬೇಕಿರುವುದು ಜೀವಿಯೊಂದಿಗೆ ಮನುಷ್ಯನಿಗಿರುವ ಸಂಬಂಧವನ್ನು ಬೇರೆ ರೀತಿಯಲ್ಲಿ ಕಾಣಿಸುವ ಆಟ. ಹಾಗೆ ಹೇಳಲು ಈ ಸರಣಿಯ ಹುಟ್ಟಿನಲ್ಲೇ ಕಾರಣವಿದೆ.

ಪೋಕೆಮಾನ್‌ನ ಮೂಲಕರ್ತೃ ಸಾತೋಶಿ ತಾಜಿರಿ ಹುಟ್ಟಿದ್ದು 1965ರಲ್ಲಿ. ಬೆಳೆದದ್ದು ಟೋಕಿಯೊದ ಅಂಚಿನ ಮಾಚಿದಾ ಎಂಬಲ್ಲಿ. ಗದ್ದೆ, ಕೊಳ, ತೋಪುಗಳಲ್ಲಿ ಹುಳುಹುಪ್ಪಟೆ ಹುಡುಕಿ ಸಂಗ್ರಹಿಸುವುದು ಅವರ ಬಾಲ್ಯದ ಗೀಳು. ಸಹಪಾಠಿಗಳು ಅವರನ್ನು ‘ಹುಳುಗಳ ಡಾಕ್ಟರ್’ ಎಂದೇ ಛೇಡಿಸುತ್ತಿದ್ದರು. ನಗರ ಹಬ್ಬುತ್ತ ಬಂದಂತೆ ಆ ಜಾಗಗಳು ಕಣ್ಮರೆಯಾದವು. ಮೀನು ಹಿಡಿಯುವ ಕೊಳವಿದ್ದಲ್ಲಿ ವಿಡಿಯೊ ಗೇಮ್ ಮಳಿಗೆ ಎದ್ದಿತು. ಮುಂದೆ, ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ತಂತಿಯನ್ನು ಕಂಡಾಗ ಅದರ ಮೇಲೆ ಹುಳುವೊಂದು ಈ ಕಡೆಯಿಂದ ಆ ಕಡೆಗೆ ಹರಿದಾಡುವ ಚಿತ್ರ ಅವರ ಮನಸ್ಸಿನಲ್ಲಿ ಮೂಡಿತಂತೆ. ಒಂದು ಆವೃತ್ತಿಯಲ್ಲಿ ಸಿಗುವ ಕೆಲವು ಜೀವಿಗಳು ಇನ್ನೊಂದರಲ್ಲಿ ಸಿಗವು. ಎಲ್ಲವೂ ಬೇಕೆಂದರೆ ಗೆಳೆಯನೊಡನೆ ವಿನಿಮಯ ಮಾಡಿಕೊಳ್ಳಲೇಬೇಕು. ಅಂದರೆ ಈ ಆಟದ ಬೇರು ಕಾಳಗದಲ್ಲಿಲ್ಲ. ಹುಳುವನ್ನು ಕಂಡು ಬೆರಗಾಗುವುದರಲ್ಲಿದೆ, ಆ ಬೆರಗನ್ನು ಮತ್ತೊಬ್ಬರೊಡನೆ ಹಂಚಿಕೊಳ್ಳುವುದರಲ್ಲಿದೆ.

ಆ ಬೆರಗು ಮುಂದೆ ಎಲ್ಲಿಗೆ ಹೋಯಿತು? 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಂಬ್ರಿಜ್‌ನ ಆ್ಯಂಡ್ರ್ಯೂ ಬಾಮ್‌ಫೋರ್ಡ್ ಮತ್ತು ಸಂಗಡಿಗರು ಒಂದು ಪುಟ್ಟ ಅಧ್ಯಯನವನ್ನು ಪ್ರಕಟಿಸಿದರು. ಬ್ರಿಟನ್ನಿನ 109 ಶಾಲಾಮಕ್ಕಳಿಗೆ ಸ್ಥಳೀಯ ಸಸ್ಯ, ಪ್ರಾಣಿ, ಪಕ್ಷಿಗಳ ಚಿತ್ರಗಳನ್ನೂ ಪೋಕೆಮಾನ್ ಚಿತ್ರಗಳನ್ನೂ ತೋರಿಸಿ ಗುರುತಿಸಲು ಹೇಳಲಾಗಿತ್ತು. ಎಂಟು ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಶೇ 80ರ ಸಮೀಪದಷ್ಟನ್ನು ಗುರುತಿಸಿದರು. ತಮ್ಮದೇ ನಾಡಿನ ಜೀವಿಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ. ನೂರಾರು ಹೆಸರುಗಳನ್ನು ಕಲಿಯುವ, ರೂಪಭೇದಗಳನ್ನು ಗಮನಿಸುವ ಸಾಮರ್ಥ್ಯ ಮಗುವಿಗೆ ಧಾರಾಳವಾಗಿಯೇ ಇದೆ. ಅದನ್ನು ಯಾರು, ಹೇಗೆ ಬಳಸಿಕೊಳ್ಳುತ್ತಿದ್ದಾರೆ ಎಂಬುದೇ ಪ್ರಶ್ನೆ. ಕನಸಿನ ಆಟದ ಮಾತು ಬರಿಯ ಕಾಲಹರಣವಲ್ಲ ಎನ್ನುವುದು ಇದಕ್ಕಾಗಿ.

ಅಂಥ ಆಟಗಳಿಗೆ ಬೇಕಾದ ಕಚ್ಚಾ ಸಾಮಗ್ರಿ ಈ ಸರಣಿಯೊಳಗೇ ಇದೆ. ಪ್ರತಿ ಜೀವಿಗೂ ‘ಪೋಕೆಡೆಕ್ಸ್’ ಎಂಬ ಕೋಶದಲ್ಲಿ ಎರಡು ಮೂರು ವಾಕ್ಯಗಳ ವಿವರಣೆಯಿರುತ್ತದೆ. ಕಾಳಗದ ಅವಸರದಲ್ಲಿ ಅದನ್ನು ಓದುವವರು ಕಡಿಮೆ. ಲಾಪ್ರಸ್ ಎಂಬುದು ಬೆನ್ನ ಮೇಲೆ ಜನರನ್ನು ಹೊತ್ತು ಸಮುದ್ರ ದಾಟಿಸುವ ಸಾಧುಪ್ರಾಣಿ. ಹಳೆಯ ಆವೃತ್ತಿಗಳ ಪ್ರಕಾರ ಅದರ ಸಂತತಿ ಕ್ಷೀಣಿಸುತ್ತಿತ್ತು. 2017ರ ಆವೃತ್ತಿಯೊಂದು ಕಥೆಯನ್ನು ಮುಂದುವರಿಸಿತು: ಕಳ್ಳಬೇಟೆಯಿಂದ ಅಳಿವಿನಂಚಿಗೆ ಬಂದಿದ್ದ ಲಾಪ್ರಸ್, ರಕ್ಷಣಾ ನಿಯಮಗಳು ಬಂದ ಮೇಲೆ ಈಗ ಅತಿಯಾಗಿ ಹೆಚ್ಚಿದೆ! ಈ ಎರಡು ವಾಕ್ಯಗಳಲ್ಲಿ ಒಂದು ಇಡೀ ಆಟವಿದೆ. ಆಟಗಾರ ಕಡಲಕಾವಲಿನ ಅಧಿಕಾರಿಯಾಗಲಿ. ಗಣತಿ ಮಾಡಲಿ, ಬಲೆಯಲ್ಲಿ ಸಿಕ್ಕಿದ್ದನ್ನು ಬಿಡಿಸಲಿ, ಮೀನುಗಾರರ ದೂರು ಕೇಳಲಿ. ಎಷ್ಟಿದ್ದರೆ ಸಾಕು, ಎಷ್ಟಾದರೆ ಹೆಚ್ಚು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲದ ಆಟವದು.

ಎರಡನೆಯದು ಕೋರ್ಸೋಲಾ. 1999ರಲ್ಲಿ ಗುಲಾಬಿ ಬಣ್ಣದ ಹವಳವಾಗಿ ಪರಿಚಯವಾದ ಈ ಜೀವಿ, 2019ರಲ್ಲಿ ಬ್ರಿಟನ್ನಿನ ಮಾದರಿಯಲ್ಲಿ ಕಟ್ಟಿದ ಗಾಲಾರ್ ಎಂಬ ಪ್ರದೇಶದಲ್ಲಿ ಬಿಳಿಚಿಕೊಂಡ ಪ್ರೇತವಾಗಿ ಕಾಣಿಸಿಕೊಂಡಿತು. ಹಠಾತ್ ಹವಾಮಾನ ಬದಲಾವಣೆಯಿಂದ ಪ್ರಾಚೀನ ಕೋರ್ಸೋಲಾಗಳು ಅಳಿದವೆಂದು ಕೋಶ ಹೇಳುತ್ತದೆ. ನಿಜವಾದ ಹವಳದ ದಿಬ್ಬಗಳು ಸಮುದ್ರ ಬಿಸಿಯೇರಿ ಬಿಳಿಚಿಕೊಳ್ಳುತ್ತಿರುವುದನ್ನು ಬಲ್ಲವರಿಗೆ ಈ ಸೂಚನೆ ಅರ್ಥವಾಗದಿರದು. ಮೂಲ ಆಟದಲ್ಲಿ ಈ ಪ್ರೇತವನ್ನೂ ಹಿಡಿದು ಕಾದಾಟಕ್ಕೆ ಬಿಡಬಹುದು, ಅಷ್ಟೆ. ಕನಸಿನ ಆಟದಲ್ಲಿ ಒಂದು ದಿಬ್ಬವನ್ನು ತುಣುಕು ತುಣುಕಾಗಿ ಮತ್ತೆ ಬೆಳೆಸಬೇಕು. ಅವಸರಪಟ್ಟರೆ ಸೋಲು. ವಾರಗಟ್ಟಲೆ ಕಾದ ಮೇಲೆ ಒಂದು ಮೂಲೆಯಲ್ಲಿ ಗುಲಾಬಿ ಬಣ್ಣ ಇಣುಕಿದರೆ ಅದೇ ಬಹುಮಾನ.

ಮೂರನೆಯದು ಚಿಕಿತ್ಸಾಲಯದ ಆಟ. ಕಾದಾಡಿ ಬಸವಳಿದ ಜೀವಿಗಳನ್ನು ‘ಪೋಕೆಮಾನ್ ಸೆಂಟರ್’ಗೆ ಒಯ್ದರೆ ಪುಟ್ಟದೊಂದು ರಾಗ ಕೇಳಿಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಗುಣವಾಗುತ್ತದೆ. ಚಿಕ್ಕ ಮಕ್ಕಳಿಗೆ ಈ ಸುಳ್ಳು ಬೇಕೇನೋ. ಆದರೆ ಗಾಯ ಮಾಯಲು ಹೊತ್ತು ಬೇಕು, ಮಾತು ಬಾರದ ಪ್ರಾಣಿ ಎಲ್ಲಿ ನೋವೆಂದು ಹೇಳಲಾರದು, ಕೆಲವೊಮ್ಮೆ ಎಷ್ಟು ಮಾಡಿದರೂ ಉಳಿಯದು. ಇದನ್ನು ಹೇಳುವ ಧೈರ್ಯ ಈ ಸರಣಿಗೆ ಹೊಸದೇನಲ್ಲ. ಮೊದಲ ಆಟದಲ್ಲೇ ಸತ್ತ ಪೋಕೆಮಾನ್‌ಗಳ ಸಮಾಧಿಗಳಿಂದ ತುಂಬಿದ ಗೋಪುರವಿತ್ತು. ಸತ್ತ ತಾಯಿಯ ತಲೆಬುರುಡೆಯನ್ನು ಧರಿಸಿ ಅಲೆಯುವ ಕ್ಯೂಬೋನ್ ಎಂಬ ಮರಿಯಿತ್ತು. ಆ ಮರಿಯನ್ನು ಸಾಕುವ ಆಟವೊಂದು ಇಷ್ಟು ವರ್ಷಗಳಲ್ಲಿ ಬರಲಿಲ್ಲ ಎಂಬುದೇ ಸೋಜಿಗ.

ನಾಲ್ಕನೆಯದು ಪೆಟ್ಟಿಗೆಯ ಆಟ. ಆಟಗಾರ ಒಮ್ಮೆಗೆ ಜೊತೆಯಲ್ಲಿ ಕರೆದೊಯ್ಯಬಹುದಾದದ್ದು ಆರು ಜೀವಿಗಳನ್ನು ಮಾತ್ರ. ಉಳಿದವು ಕಂಪ್ಯೂಟರಿನ ಪೆಟ್ಟಿಗೆ ಸೇರುತ್ತವೆ. ನೂರಾರು ಜೀವಿಗಳು ಹಿಡಿದ ದಿನವೇ ಮರೆತುಹೋಗುತ್ತವೆ. 2016ರ ಆವೃತ್ತಿ ಅವುಗಳಿಗಾಗಿ ದ್ವೀಪಗಳನ್ನು ಕಲ್ಪಿಸಿ ಸ್ವಲ್ಪಮಟ್ಟಿಗೆ ಪ್ರಾಯಶ್ಚಿತ್ತ ಮಾಡಿಕೊಂಡಿತು. ಅದನ್ನು ಪೂರ್ತಿಗೊಳಿಸುವ ಆಟ ಬರಲಿ. ಪೆಟ್ಟಿಗೆ ತೆರೆದು, ಒಂದೊಂದನ್ನೇ ಅದರ ಹುಟ್ಟೂರಿನ ಹುಲ್ಲಿಗೆ ಮರಳಿ ಬಿಟ್ಟುಬರುವುದು ಅದರ ಗುರಿಯಾಗಲಿ. ಸಂಗ್ರಹಿಸುವುದನ್ನು ಕಲಿಸಿದ ಆಟವೇ ಬಿಟ್ಟುಕೊಡುವುದನ್ನೂ ಕಲಿಸಬೇಡವೇ?

ಇಂಥದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಸಹಜ. ಆದರೆ ಕ್ಯಾಮೆರಾ ಹಿಡಿದು ನೋಡುವುದಷ್ಟೇ ಇದ್ದ ‘ಸ್ನ್ಯಾಪ್’ ಅನ್ನು ಜನ ಮರೆಯಲಿಲ್ಲ. 22 ವರ್ಷಗಳ ಬಳಿಕ, 2021ರಲ್ಲಿ, ಅದರ ಮುಂದಿನ ಆಟ ಬಂತು. ಹೆಚ್ಚು ಗಂಭೀರವಾದ ತೊಡಕು ಬೇರೆಯದು. ಕನಸು ಅಭಿಮಾನಿಯದಾದರೂ ಜೀವಿಗಳ ಒಡೆತನ ಕಂಪನಿಯದು. ಅಭಿಮಾನಿಗಳೇ ಒಂಬತ್ತು ವರ್ಷ ದುಡಿದು ರೂಪಿಸಿದ ‘ಪೋಕೆಮಾನ್ ಯುರೇನಿಯಂ’ 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಹೊರಬಂದು, ಕೆಲವೇ ದಿನಗಳಲ್ಲಿ ಕಾನೂನಿನ ನೋಟಿಸಿಗೆ ಅಂಜಿ ಹಿಂದೆ ಸರಿಯಿತು. ಕಂಪನಿಯ ಹಕ್ಕು ಪ್ರಶ್ನಾತೀತವೇ ಇರಬಹುದು. ಆದರೆ ಹಾಗೆ ಬಾಗಿಲು ಮುಚ್ಚುವವರ ಮೇಲೆ, ತಾವಾದರೂ ಹೊಸ ಕನಸು ಕಾಣಬೇಕಾದ ಹೊಣೆ ಇನ್ನಷ್ಟು ಹೆಚ್ಚುತ್ತದೆ.

ಇತ್ತ ಇನ್ನೊಂದು ಬಾಗಿಲು ತೆರೆದಿದೆ. ಬಾಮ್‌ಫೋರ್ಡ್ ಅಧ್ಯಯನದಿಂದ ಪ್ರೇರಣೆ ಪಡೆದು 2010ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ‘ಫೈಲೊ’ ಎಂಬ ಇಸ್ಪೀಟಿನಂಥ ಎಲೆಗಳ ಆಟ ರೂಪುಗೊಂಡಿತು. ಅದರ ಎಲೆಗಳ ಮೇಲಿರುವುದು ನಿಜವಾದ ಜೀವಿಗಳು. 2016ರಲ್ಲಿ ಚಿಲಿ ದೇಶದ ಒಂದು ಹೊಸ ಜೇನುಜಾತಿಗೆ ಚಾರಿಝಾರ್ಡ್ ಎಂಬ ಪೋಕೆಮಾನ್‌ನ ಹೆಸರನ್ನೇ ಇಡಲಾಯಿತು. 2020ರಲ್ಲಿ ಆಸ್ಟ್ರೇಲಿಯಾದ ಮೂರು ಜೀರುಂಡೆಗಳಿಗೆ ಆರ್ಟಿಕುನೊ, ಝ್ಯಾಪ್ಡೋಸ್, ಮೋಲ್ಟ್ರಸ್ ಎಂಬ ಮೂರು ಪೋಕೆಮಾನ್ ಹಕ್ಕಿಗಳ ಹೆಸರುಗಳು ಬಂದವು. ತಾಜಿರಿ ಹುಳುವನ್ನು ಬಿಟ್ಟು ಆಟಕ್ಕೆ ಬಂದರು. ಈ ವಿಜ್ಞಾನಿಗಳು ಆಟದ ಹೆಸರುಗಳನ್ನು ಮತ್ತೆ ಹುಳುಗಳಿಗೆ ಒಪ್ಪಿಸಿದರು. ಒಳ್ಳೆಯ ಕವಲು ಆಟ ಮಾಡಬೇಕಾದದ್ದೂ ಅದನ್ನೇ. ಆಡಿ ಮುಗಿಸಿ ಪರದೆ ಆರಿಸಿದ ಮಗು, ಕಿಟಕಿಯ ಸರಳಿನ ಮೇಲೆ ಹರಿಯುತ್ತಿರುವ ಹುಳುವಿನ ಹೆಸರೇನೆಂದು ಕೇಳಬೇಕು.